ನಾಗಲಾಪುರದ ದಾರಿ

ಚೋರನೂರಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆ ಮುಗಿಸಿಕೊಂಡು ಸಂಡೂರಿನ ಮೇಲೆ ಹೊಸಪೇಟೆಗೆ ಬರುತ್ತಿದ್ದೆ. ಗುಡ್ಡದ ತಿರುವುಗಳನ್ನೆಲ್ಲ ಸಲೀಸಾಗಿ ದಾಟಿದ ಬಸ್ಸು ಹೊಸಪೇಟೆಯ ಹೊರಬದಿಗೆ ಬಂದು ನಿಂತುಬಿಟ್ಟಿತು. ಮುಂದೆ ಲಾರಿಗಳ ಸಾಲು. ಪಕ್ಕದಲ್ಲಿ, ನಾನು ಕಂಡಂತೆ ಜೋಳದ ಹೊಲವಾಗಿದ್ದ ಜಾಗದಲ್ಲಿ, ಹೊಸದೊಂದು ಬಡಾವಣೆ. ಒಳಗಿನ ಬೀದಿಗಳು ಚೌಕಾಬಾರದ ಮನೆಗಳಂತೆ ಅಚ್ಚುಕಟ್ಟಾಗಿವೆ; ಆದರೆ ಅವೆಲ್ಲ ಬಂದು ಬೀಳುವುದು ಈ ಒಂದೇ ರಸ್ತೆಗೆ. ಶಾಲೆಯ ಚೀಲ ಹೊತ್ತ ಇಬ್ಬರು ಹುಡುಗಿಯರು ಲಾರಿಗಳ ನಡುವೆ ಸಂದು ಸಿಕ್ಕೀತೇ ಎಂದು ನೋಡುತ್ತ ನಿಂತಿದ್ದರು.

“ಊರು ಬೆಳೀತೈತ್ರಿ ಮೇಷ್ಟ್ರ, ದಾರಿ ಬೆಳೀವಲ್ದು,” ಎಂದರು ಪಕ್ಕದಲ್ಲಿದ್ದ ಹಿರಿಯರು.

ಹೊಸಪೇಟೆಯ ಮಟ್ಟಿಗೆ ಈ ಮಾತಿಗೆ ಐನೂರು ವರ್ಷದ ಹಿನ್ನೆಲೆಯಿದೆ. ಈ ಊರು ಹುಟ್ಟಿದ್ದೇ ವಿಜಯನಗರದ ಬಡಾವಣೆಯಾಗಿ. ಕೃಷ್ಣದೇವರಾಯ ಇದನ್ನು ಕಟ್ಟಿಸಿದಾಗ ಹೆಸರು ನಾಗಲಾಪುರ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಹೊಸ ಊರಿಗಿಂತ ಹೆಚ್ಚಾಗಿ ಅಲ್ಲಿಂದ ರಾಜಧಾನಿಗೆ ಹೋಗುವ ದಾರಿಗೆ ಮರುಳಾದಂತೆ ಕಾಣುತ್ತದೆ. ಕುದುರೆ ಸವಾರರು ಪಂದ್ಯವಾಡುವಷ್ಟು ಅಗಲ, ಎರಡು ಬದಿಗೂ ಮನೆ, ಅಂಗಡಿಗಳ ಸಾಲು, ನಡೆಯುವವರಿಗೆ ನೆರಳಾಗಲೆಂದು ಅರಸನೇ ನೆಡಿಸಿದ ಮರಗಳು. ಮುಂದೆ 1524ರಲ್ಲಿ ಅನಂತಶಯನ ದೇವಾಲಯ ಎದ್ದದ್ದೂ ಈ ಹಾದಿಯ ಮಗ್ಗುಲಲ್ಲಿಯೇ. ಊರು ಕಟ್ಟುವವನು ಊರಿನಷ್ಟೇ ಅಕ್ಕರೆಯಿಂದ ದಾರಿಯನ್ನೂ ಕಟ್ಟಿದ್ದ. ಕಾಲ್ನಡಿಗೆಯವನ ನೆತ್ತಿಯ ಬಿಸಿಲು ಅರಸನ ನೆನಪಿಗೆ ಬಂದಿತಲ್ಲ, ಅದು ನನಗೆ ದೊಡ್ಡದಾಗಿ ತೋರುತ್ತದೆ.

ಹಾಗೆಂದು ಅಂದು ಎಲ್ಲವೂ ಸುಸೂತ್ರವಾಗಿತ್ತೆಂದು ಓದುಗರು ತಿಳಿಯಬಾರದು. ರಾಜಧಾನಿಯ ಬೀದಿಗಳಲ್ಲಿ ಹೇರೆತ್ತುಗಳ ಹಿಂಡು ಎದುರಾದರೆ ಅವು ಸಾಗುವ ತನಕ ಕಾಯಬೇಕಿತ್ತು, ಇಲ್ಲವೇ ಬೇರೆ ಬೀದಿ ಹಿಡಿಯಬೇಕಿತ್ತು ಎಂದು ಅದೇ ಪಾಯಸ್ ಹೇಳುತ್ತಾನೆ. ಹದಿನೈದು ವರ್ಷದ ಅನಂತರ ಬರೆದ ನೂನಿಜ್ ಲೆಕ್ಕವನ್ನೇ ಕೊಡುತ್ತಾನೆ: ದಿನಕ್ಕೆ 2000 ಎತ್ತುಗಳು ಒಳಗೆ ಬರುತ್ತಿದ್ದವು. ಪ್ರತಿ ಎತ್ತಿಗೂ ಸುಂಕ. ಬೋಳೆತ್ತಿಗೆ ಮಾತ್ರ ರಾಜ್ಯದಲ್ಲೆಲ್ಲ ಮಾಫಿ! ಇಕ್ಕಟ್ಟಿನ ಬೀದಿಯಲ್ಲಿ ಕೊಂಬಿಲ್ಲದ್ದು ಕಡಿಮೆ ಜಾಗ ಹಿಡಿಯುತ್ತದೆಂದೋ ಏನೋ. ಇದು ನನ್ನ ಊಹೆ, ನಗಬೇಕಾದವರು ನಗಬಹುದು. ಸರಕು ಬರುವ ಬಾಗಿಲನ್ನು ವರ್ಷಕ್ಕೆ 12,000 ಪರ್ದಾವಿಗೆ ಗುತ್ತಿಗೆ ಕೊಟ್ಟಿದ್ದರು. ಗುತ್ತಿಗೆದಾರ ಕೇಳಿದಷ್ಟು ತೆರದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಶಾಸನಗಳಲ್ಲಿ ‘ಹೆಜ್ಜುಂಕ’ವೆಂಬ ಮಾತನ್ನು ಪಾಠ ಹೇಳುವಾಗ ಆ ಬಾಗಿಲ ಮುಂದೆ ತಲೆಹೊರೆ ಹೊತ್ತು ನಿಂತವರು ನನ್ನ ಕಣ್ಣಿಗೆ ಕಟ್ಟುತ್ತಾರೆ. ಮರದ ನೆರಳೂ ಅರಸನದೇ, ಬಾಗಿಲ ಬಿಗಿಯೂ ಅರಸನದೇ. ಆದರೂ ಹೊಸ ಕೆರೆಯ ನೀರುಣ್ಣುವ ಹೊಲಗಳಿಗೆ ಒಂಬತ್ತು ವರ್ಷ ಕಂದಾಯ ಬಿಟ್ಟಿದ್ದನಂತೆ. ನೆಲೆಯೂರುವವನಿಗೆ ಕಾಲಾವಕಾಶ ಬೇಕೆಂಬ ತಿಳಿವಳಿಕೆ ಅದು.

ಆಮೇಲಿನ ಬೆಳವಣಿಗೆಗಳಲ್ಲಿ ಈ ಕ್ರಮ ತಲೆಕೆಳಗಾಯಿತು. 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ತೊಡಗಿದಾಗ ಕೆಲಸಗಾರರಿಗೆ ವಸತಿಗಳೆದ್ದವು. ಈ ಶತಮಾನದ ಮೊದಲಲ್ಲಿ ಸಂಡೂರಿನ ಅದಿರು ಲಾರಿಯೇರಿತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಳನ್ನು ತಡೆಯುವಷ್ಟರಲ್ಲಿ ಕೆಂಧೂಳು ದಾರಿಬದಿಯ ಎಲೆಗಳ ಬಣ್ಣವನ್ನೇ ಬದಲಿಸಿತ್ತು. ತಡೆ ಸಡಿಲಾದ ಮೇಲೆ ಲಾರಿಗಳೂ ಮರಳಿದವು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು. ನಿವೇಶನದ ಕಲ್ಲುಗಳು ಹೊಲಹೊಲದಲ್ಲಿ ಮೊಳೆತವು. ಈಗ ಮೊದಲು ನಿವೇಶನ, ಬಳಿಕ ಮನೆ, ದಾರಿಯ ಯೋಚನೆ ಕೊನೆಗೆ. ನೆರಳಿನ ಮಾತಂತೂ ಯಾರ ನಕ್ಷೆಯಲ್ಲೂ ನನಗೆ ಕಂಡಿಲ್ಲ.

ಅರ್ಧ ಗಂಟೆಯ ಮೇಲೆ ಸಾಲು ಕದಲಿತು. ನಮ್ಮ ಚಾಲಕ ಬಸ್ಸನ್ನು ಮುಂದೆ ಬಿಡದೆ, ಕಿಟಕಿಯಿಂದ ಕೈ ಚಾಚಿ ಹಿಂದಿನವರನ್ನು ತಡೆದ. ಹುಡುಗಿಯರಿಬ್ಬರೂ ಓಡಿ ದಾಟಿದರು.