ಡಬ್ಬಿ ಕ್ಯಾಮೆರಾ ಕೊಟ್ಟ ಅಳತೆ

ಮೀಡಿಯಂ ಫಾರ್ಮ್ಯಾಟ್ ಎಂದರೆ ಇಂದು ನೆನಪಿಗೆ ಬರುವುದು ರೋಲಿಫ್ಲೆಕ್ಸ್, ಹ್ಯಾಸೆಲ್‌ಬ್ಲಾಡ್‌ಗಳಂಥ ಹೆಸರುಗಳು. ಹೊಟ್ಟೆಯ ಮಟ್ಟಕ್ಕೆ ಕ್ಯಾಮೆರಾ ಹಿಡಿದು, ತಲೆ ಬಗ್ಗಿಸಿ ಮಸುಕುಗಾಜಿನಲ್ಲಿ ಚೌಕದ ಚಿತ್ರವನ್ನು ಹೊಂದಿಸಿಕೊಳ್ಳುವ ಪರಿಣತನ ಚಿತ್ರವೂ ಜೊತೆಗೇ ಬರುತ್ತದೆ. ಹಳೆಯ ಕ್ಯಾಮೆರಾಕ್ಕೆ 120ರ ಕಪ್ಪು-ಬಿಳುಪು ರೀಲು ಹಾಕಿ ಫೋಟೊ ತೆಗೆಯುವವರಲ್ಲಿ ಹೆಚ್ಚಿನವರು, ಆರು ಸೆಂಟಿಮೀಟರ್ ಅಗಲದ ಈ ಫಿಲಂ ವೃತ್ತಿಪರರಿಗಾಗಿ, ಗುಣಮಟ್ಟಕ್ಕಾಗಿ ಹುಟ್ಟಿತು ಎಂದೇ ನಂಬಿದ್ದಾರೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಈ ಫಿಲಂ ಹುಟ್ಟಿದ್ದು ರಟ್ಟಿನ ಡಬ್ಬಿಗಾಗಿ. ಫೋಟೊಗ್ರಫಿಯ ಗಂಧಗಾಳಿ ಇಲ್ಲದ ಜನರಿಗಾಗಿ ಗೊತ್ತಾದ ಅಳತೆ ಅದು. ಪರಿಣತರು ಬಂದದ್ದು ಆಮೇಲೆ, ಆಗಲೇ ಹಾಸಿದ್ದ ದಾರಿಯ ಮೇಲೆ.

1899ರಿಂದ 1901ರವರೆಗಿನ ಮೂರು ವರ್ಷಗಳನ್ನು ಗಮನಿಸಬೇಕು. 1899ರಲ್ಲಿ ಕೊಡಾಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ ರಸಾಯನವಿಜ್ಞಾನಿ ಲಿಯೊ ಬೇಕ್‌ಲ್ಯಾಂಡ್‌ನಿಂದ ವೆಲಾಕ್ಸ್ ಎಂಬ ಫೋಟೊ ಕಾಗದವನ್ನು ಕೊಂಡುಕೊಂಡ. ಬೆಳಕಿಗೆ ಬಹಳ ನಿಧಾನವಾಗಿ ಸ್ಪಂದಿಸುವ ಕಾಗದ ಅದು. ಮನೆಯ ಗ್ಯಾಸ್‌ದೀಪದ ಹತ್ತಿರ ಹಿಡಿದರೆ ಚಿತ್ರ ಮೂಡುತ್ತಿತ್ತು, ದೀಪದಿಂದ ದೂರ ಸರಿದರೆ ಅದೇ ಕೋಣೆಯಲ್ಲಿ ತೊಳೆಯಬಹುದಿತ್ತು. ಕತ್ತಲಕೋಣೆ ಬೇಕಿರಲಿಲ್ಲ. ಮರುವರ್ಷ ಕೊಡಾಕ್‌ನ ಬ್ರೌನಿ ಕ್ಯಾಮೆರಾ ಬಂತು. ರಟ್ಟಿನ ಪೆಟ್ಟಿಗೆ, ಮುಂದೆ ಒಂದೇ ಗಾಜಿನ ಲೆನ್ಸು, ಬೆಲೆ ಒಂದು ಡಾಲರ್, ರೀಲಿಗೆ ಹದಿನೈದು ಸೆಂಟ್. ಮಕ್ಕಳಿಗೆಂದೇ ಜಾಹೀರಾತು ಮಾಡಿದ ಈ ಕ್ಯಾಮೆರಾ ಮೊದಲ ವರ್ಷದಲ್ಲೇ ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. 1901ರಲ್ಲಿ ಅದರ ಅಣ್ಣನಂತೆ ಎರಡು ಡಾಲರಿನ ನಂಬರ್ 2 ಬ್ರೌನಿ ಬಂತು. ಈಗ ನಾವು 120 ಎಂದು ಕರೆಯುವ ಫಿಲಂ ತಯಾರಾದದ್ದು ಆ ಎರಡು ಡಾಲರಿನ ಪೆಟ್ಟಿಗೆಗಾಗಿ. ಅದರ ನೆಗೆಟಿವ್ ಸುಮಾರು 6×9 ಸೆಂಟಿಮೀಟರ್. ಇಷ್ಟು ದೊಡ್ಡದು ಯಾಕೆ? ಚಿತ್ರವನ್ನು ಹಿಗ್ಗಿಸುವ ಎನ್‌ಲಾರ್ಜರ್ ಸಾಮಾನ್ಯರ ಕೈಗೆ ಎಟುಕುತ್ತಿರಲಿಲ್ಲ. ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಒತ್ತಿಟ್ಟು ಬೆಳಕು ಬಿಡುವುದೇ ರೂಢಿ; ಅದೇ ಕಾಂಟ್ಯಾಕ್ಟ್ ಪ್ರಿಂಟ್. ಹಾಗೆ ಮಾಡಿದಾಗ ನೆಗೆಟಿವ್ ಎಷ್ಟಿದೆಯೋ ಫೋಟೊ ಅಷ್ಟೇ. ಅಜ್ಜಿಯ ಮುಖ ಗುರುತು ಸಿಗಬೇಕಾದರೆ ಫಿಲಂ ಅಂಗೈಯಗಲ ಇರಲೇಬೇಕಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಗುಣಮಟ್ಟದ್ದು. 6×6ರ ಚೌಕದಲ್ಲಿ ಚಿತ್ರ ಬೀಳುವ ಜಾಗ ಸುಮಾರು 56 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. 35 ಎಂ.ಎಂ. ಫಿಲಂನ 24×36 ಚೌಕಟ್ಟಿಗಿಂತ ಅದರ ವಿಸ್ತೀರ್ಣ ಮೂರೂವರೆ ಪಟ್ಟು ಹೆಚ್ಚು. ಗೋಡೆಗೆ ತೂಗುಹಾಕುವಷ್ಟು ಹಿಗ್ಗಿಸಿದರೂ ಬೆಳ್ಳಿಯ ಕಣಗಳು ಕಣ್ಣಿಗೆ ಚುಚ್ಚುವುದಿಲ್ಲ, ಬಿಳಿಯಿಂದ ಕಪ್ಪಿಗೆ ಇಳಿಯುವ ಬೂದುಬಣ್ಣದ ಮೆಟ್ಟಿಲುಗಳು ನಯವಾಗಿರುತ್ತವೆ. ಇದೆಲ್ಲ ನಿಜ, ಈ ಫಿಲಂ ಅನ್ನು ಇಂದು ಪ್ರೀತಿಸಲು ಇದಕ್ಕಿಂತ ಬೇರೆ ಕಾರಣವೂ ಬೇಡ. ಆದರೆ ಇಂದಿನ ಉಪಯೋಗವೇ ಅಂದಿನ ಹುಟ್ಟಿಗೆ ಕಾರಣ ಆಗಬೇಕಿಲ್ಲ. ಬ್ರೌನಿಯ ಒಂಟಿಗಾಜಿನ ಲೆನ್ಸಿಗೆ ಅಷ್ಟು ಅಗಲದ ಫಿಲಂನ ಅಂಚಿನವರೆಗೂ ಸ್ಫುಟವಾಗಿ ಚಿತ್ರ ಬೀಳಿಸುವ ಶಕ್ತಿಯೇ ಇರಲಿಲ್ಲ. ಗುಣಮಟ್ಟವೇ ಗುರಿಯಾಗಿದ್ದರೆ ಹಣ ಲೆನ್ಸಿಗೆ ಹೋಗಬೇಕಿತ್ತು, ರಟ್ಟಿಗೆ ಅಲ್ಲ. ಆ ಕಾಲದ ವೃತ್ತಿಪರರು ಬಳಸುತ್ತಿದ್ದದ್ದು ಗಾಜಿನ ಪ್ಲೇಟು. ಸುರುಳಿ ಫಿಲಂ ಅವರ ಲೆಕ್ಕದಲ್ಲಿ ಹವ್ಯಾಸಿಗಳ ಸರಕು.

ಫಿಲಂನ ಬೆನ್ನಿಗೆ ಅಂಟಿಕೊಂಡು ಬರುವ ಕಾಗದವೂ ಇದೇ ಸಾಕ್ಷಿ ಹೇಳುತ್ತದೆ. ಬಾಸ್ಟನ್ನಿನ ಸ್ಯಾಮ್ಯುಯೆಲ್ ಟರ್ನರ್ ಎಂಬಾತ 1892ರ ಸುಮಾರಿಗೆ ರೂಪಿಸಿದ ಉಪಾಯ ಅದು. 1895ರಲ್ಲಿ ಈಸ್ಟ್‌ಮನ್ ಟರ್ನರ್‌ನ ಕಂಪನಿಯನ್ನೇ ಕೊಂಡ. ಕಪ್ಪು ಕಾಗದ ಸುತ್ತಿದ್ದರಿಂದ ರೀಲನ್ನು ಹಗಲಿನಲ್ಲೇ ಕ್ಯಾಮೆರಾಕ್ಕೆ ಹಾಕಬಹುದಾಯಿತು. ಕಾಗದದ ಮೇಲೆ ಅಚ್ಚಾದ ಅಂಕಿಗಳನ್ನು ಕ್ಯಾಮೆರಾದ ಬೆನ್ನಿನ ಪುಟ್ಟ ಕೆಂಪು ಕಿಂಡಿಯಲ್ಲಿ ನೋಡುತ್ತ ಕೀಲಿ ತಿರುಗಿಸಿದರೆ ಮುಂದಿನ ಫೋಟೊಕ್ಕೆ ಫಿಲಂ ಸಿದ್ಧ. ಕಿಂಡಿ ಕೆಂಪಾದದ್ದು ಅಲಂಕಾರಕ್ಕಲ್ಲ. ಆಗಿನ ಫಿಲಂಗೆ ಕೆಂಪು ಬೆಳಕು ತಾಕುತ್ತಲೇ ಇರಲಿಲ್ಲ. ಆ ಕಾರಣಕ್ಕೇ ಕೆಂಪು ದೀಪದಡಿ ನೋಡುತ್ತ ನೋಡುತ್ತ ಅದನ್ನು ತೊಳೆಯಬಹುದಿತ್ತು. ಅಂಥ ಫಿಲಂನಲ್ಲಿ ಹಣೆಯ ಕುಂಕುಮ ಕಪ್ಪಾಗಿ ಬೀಳುತ್ತಿದ್ದದ್ದೂ ಅದರಿಂದಲೇ. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲಂ ಬಂದ ಮೇಲೆ ಕಿಂಡಿಗೆ ಮುಚ್ಚಳ ಬೇಕಾಯಿತು. ಅನನುಭವಿಯ ಕೈ ಎಡವದಂತೆ ಕಾಯುವುದೇ ಈ ಇಡೀ ವ್ಯವಸ್ಥೆಯ ಉದ್ದೇಶ. ಸ್ಟುಡಿಯೊ ಇಟ್ಟುಕೊಂಡವನಿಗೆ ಇದರ ಅಗತ್ಯವೇ ಇರಲಿಲ್ಲ.

ಹಾಗಾದರೆ ರೋಲಿಫ್ಲೆಕ್ಸ್? ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಫ್ರಾಂಕೆ ಮತ್ತು ಹೈಡೆಕೆ 1929ರಲ್ಲಿ ಹೊರತಂದ ಈ ಎರಡು ಲೆನ್ಸಿನ ಕ್ಯಾಮೆರಾ ನನ್ನ ವಾದವನ್ನು ಮುರಿಯುವುದಿಲ್ಲ, ಬಲಪಡಿಸುತ್ತದೆ. ಅತ್ಯುತ್ತಮ ಲೆನ್ಸು, ಅಚ್ಚುಕಟ್ಟಾದ ಲೋಹದ ಒಡಲು ಇದ್ದ ಆ ಮೊದಲ ರೋಲಿಫ್ಲೆಕ್ಸ್‌ಗೆ ಹಾಕುತ್ತಿದ್ದದ್ದು 117 ಎಂಬ ಫಿಲಂ, ಎಂದರೆ 1900ರ ಒಂದು ಡಾಲರಿನ ಬ್ರೌನಿಗೆಂದು ಮಾಡಿದ ಆರು ಚಿತ್ರಗಳ ರೀಲು. ನಾವು ಇಂದು ಕಲಾತ್ಮಕ ಎಂದು ಕೊಂಡಾಡುವ ಆ ಚೌಕ ಮೊದಲು ಇದ್ದದ್ದು ಮಕ್ಕಳ ಡಬ್ಬಿಯಲ್ಲೇ. 1932ರ ಮಾದರಿ 120ಕ್ಕೆ ಬದಲಾಯಿತು, ಒಂದು ರೀಲಿಗೆ ಹನ್ನೆರಡು ಚಿತ್ರ ಸಿಕ್ಕವು. 1937ರ ಆಟೊಮ್ಯಾಟ್ ಮಾದರಿ ಕಾಗದದ ಮೇಲೆ ಫಿಲಂ ಶುರುವಾಗುವ ದಪ್ಪವನ್ನು ತಾನೇ ತಡವಿ ಗುರುತಿಸುತ್ತಿತ್ತು. ಅದಕ್ಕೆ ಕೆಂಪು ಕಿಂಡಿಯೇ ಬೇಡವಾಯಿತು. ಜಾಣ್ಮೆಯಲ್ಲಿ ಆ ಯಂತ್ರಕ್ಕೆ ಸಾಟಿ ಕಡಿಮೆ. ಆದರೂ ಅದು ತನಗಾಗಿ ಹೊಸ ಫಿಲಂ ಕೇಳಲಿಲ್ಲ; ಅಂಗಡಿಯಲ್ಲಿ ಸಿಗುವುದನ್ನೇ ಆರಿಸಿಕೊಂಡಿತು.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಕಾಂಟ್ಯಾಕ್ಟ್ ಪ್ರಿಂಟಿಗೆಂದು ಹುಟ್ಟಿದ ಅಳತೆಗಳು ಹಲವಾರಿದ್ದವು. ಪೋಸ್ಟ್‌ಕಾರ್ಡ್ ಗಾತ್ರದ 122 ಫಿಲಂ 1971ಕ್ಕೆ ನಿಂತಿತು, 116 ಕೂಡ 1984ಕ್ಕೆ. ಜನಸಾಮಾನ್ಯರ ಬೆಂಬಲವೇ ಸಾಕಾಗಿದ್ದರೆ ಅವೂ ಉಳಿಯಬೇಕಿತ್ತಲ್ಲವೇ? ಜನಪ್ರಿಯತೆ ಒಂದೇ ಸಾಲದು ಎಂದು ಒಪ್ಪಲೇಬೇಕು. 120ರ ಅಗಲಕ್ಕೆ ಒಂದು ಅದೃಷ್ಟವಿತ್ತು: ಅದನ್ನು ಬೇಕಾದ ಹಾಗೆ ಪಾಲು ಮಾಡಬಹುದಿತ್ತು. ಒಂದೇ ರೀಲು 6×9ರಲ್ಲಿ ಎಂಟು, 6×6ರಲ್ಲಿ ಹನ್ನೆರಡು, 6×4.5ರಲ್ಲಿ ಹದಿನಾರು ಚಿತ್ರ ಕೊಡುತ್ತಿತ್ತು. ಎನ್‌ಲಾರ್ಜರ್ ಅಗ್ಗವಾಗುತ್ತ ಹೋದ ಹಾಗೆ ಕ್ಯಾಮೆರಾ ಮಾಡುವವರು ಚೌಕಟ್ಟನ್ನು ಕಿರಿದು ಮಾಡಿದರು, ಫಿಲಂ ಮಾತ್ರ ಅದೇ ಉಳಿಯಿತು. ಕೊಡಾಕ್ ಕಂಪನಿಯೇ 1931ರಲ್ಲಿ ಇದೇ ಫಿಲಂ ಅನ್ನು ಸಣಕಲು ಸುರುಳಿಗೆ ಸುತ್ತಿ 620 ಎಂದು ಮಾರಿತು. ಅದು 1995ರಲ್ಲಿ ನಿಂತುಹೋಯಿತು. ಲೋಕದ ತುಂಬ ಹರಡಿದ್ದ ಅಗ್ಗದ ಕ್ಯಾಮೆರಾಗಳ ಸುರುಳಿಯನ್ನು ಬದಲಿಸುವುದು ಅದನ್ನು ಹುಟ್ಟಿಸಿದ ಕಂಪನಿಗೂ ಆಗಲಿಲ್ಲ.

ಭಾರತದ ಕಥೆಯಲ್ಲಿ ಇದು ಇನ್ನೂ ನಿಚ್ಚಳ. ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ದೆಹಲಿಯಲ್ಲಿ ರೋಲಿಫ್ಲೆಕ್ಸ್ ಹಿಡಿದು ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳನ್ನು ದಾಖಲಿಸಿದರು; ಆ ಚಿತ್ರಗಳಿಲ್ಲದೆ ನಮ್ಮ ಸಾರ್ವಜನಿಕ ನೆನಪೇ ಬಡವಾಗುತ್ತಿತ್ತು. ಆದರೆ ಮನೆಮನೆಗೆ ಹೋದದ್ದು ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ ಆಗ್ಫಾ ಕ್ಲಿಕ್ 3. ಬಿಸಿಲೋ ಮೋಡವೋ ನೋಡಿ ಸನ್ನೆ ಸರಿಸಿದರೆ ಆಯಿತು, ಹನ್ನೆರಡು ಚೌಕದ ಫೋಟೊ. ಫಿಲಂ ತಯಾರಿಕೆಯಲ್ಲಿ ದೇಶ ಸ್ವಾವಲಂಬಿಯಾಗಲೆಂದು 1960ರಲ್ಲಿ ಸರ್ಕಾರ ಊಟಿಯಲ್ಲಿ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪಿಸಿತು. ಅದರ ‘ಇಂದು’ ಹೆಸರು ನಮ್ಮ ಸ್ಟುಡಿಯೊಗಳಿಗೂ ಆಸ್ಪತ್ರೆಗಳ ಎಕ್ಸ್‌ರೇ ಕೋಣೆಗಳಿಗೂ ಪರಿಚಿತವಾಯಿತು. ಕನ್ನಡದ ಮನೆಗಳಲ್ಲಿ ಕಪ್ಪು ಹಾಳೆಯ ಹಳೆಯ ಆಲ್ಬಂ ತೆರೆದರೆ, ಮೂಲೆಗೆ ಅಂಟಿಸಿದ ಕಾಗದದ ಕೊಕ್ಕೆಗಳೊಳಗೆ ಅಂಗೈಗಿಂತ ಚಿಕ್ಕದಾದ, ಬಿಳಿ ಅಂಚಿನ ಚೌಕದ ಚಿತ್ರಗಳು ಸಿಗುತ್ತವೆ. ನಾಮಕರಣ, ಪ್ರವಾಸ, ಹೊಸ ಸೈಕಲ್ಲು ಎಲ್ಲವೂ ಅಲ್ಲಿವೆ. ಬಹುಪಾಲು ಕಾಂಟ್ಯಾಕ್ಟ್ ಪ್ರಿಂಟುಗಳೇ. ಹಿಗ್ಗಿಸಿದರೆ ದುಡ್ಡು ಹೆಚ್ಚು, ಆದ್ದರಿಂದ ನೆಗೆಟಿವ್ ಇದ್ದಷ್ಟೇ ಫೋಟೊ ಹಾಕಿಸುತ್ತಿದ್ದರು. 1901ರ ತರ್ಕ ಅರ್ಧ ಶತಮಾನ ದಾಟಿದ ಮೇಲೂ ನಮ್ಮಲ್ಲಿ ಹಾಗೆಯೇ ನಡೆಯುತ್ತಿತ್ತು.

1963ರಲ್ಲಿ ಕೊಡಾಕ್‌ನ ಇನ್‌ಸ್ಟಮ್ಯಾಟಿಕ್ ಕ್ಯಾಮೆರಾ ಬಂದ ಮೇಲೆ ಪಶ್ಚಿಮದ ಹವ್ಯಾಸಿಗಳು 120ರಿಂದ ದೂರವಾದರು, ಆಮೇಲೆ ಅದನ್ನು ಬದುಕಿಸಿದ್ದು ಹ್ಯಾಸೆಲ್‌ಬ್ಲಾಡ್ ಹಿಡಿದ ವೃತ್ತಿಪರರೇ ಎಂದು ಯಾರಾದರೂ ಹೇಳಿದರೆ ಅದನ್ನು ನಾನು ಅಲ್ಲಗಳೆಯಲಾರೆ. ಮದುವೆ, ಫ್ಯಾಷನ್, ಜಾಹೀರಾತುಗಳ ಛಾಯಾಗ್ರಾಹಕರು ಇಲ್ಲದಿದ್ದರೆ ಇದರ ಉತ್ಪಾದನೆ ಎಂದೋ ನಿಂತಿರುತ್ತಿತ್ತು. ನನ್ನ ತಕರಾರು ಅವರ ಋಣದ ಬಗ್ಗೆ ಅಲ್ಲ, ಹಕ್ಕುದಾರಿಕೆಯ ಬಗ್ಗೆ. ಅವರಿಗೆ ಸಿಕ್ಕದ್ದು ಅರವತ್ತು ವರ್ಷ ಸಾಮಾನ್ಯರು ದುಡ್ಡು ಕೊಟ್ಟು ಸಾಕಿದ ಫಿಲಂ. ಇದಕ್ಕೆ ಪುರಾವೆ ಇಂದಿನ ಹೊಸ ರೀಲಿನಲ್ಲೂ ಇದೆ. ಬೆನ್ನಿನ ಕಾಗದದ ಮೇಲೆ ಮೂರು ಚೌಕಟ್ಟುಗಳಿಗೂ ಬೇರೆ ಬೇರೆ ಸಾಲಿನಲ್ಲಿ ಅಂಕಿಗಳು ಅಚ್ಚಾಗಿವೆ. ಹ್ಯಾಸೆಲ್‌ಬ್ಲಾಡ್‌ಗೆ ಈ ಅಂಕಿಗಳಿಂದ ಆಗಬೇಕಾದ್ದೇನೂ ಇಲ್ಲ, ಅದು ಕಾಗದದ ಮೇಲಿನ ಬಾಣದ ಗುರುತಿನಿಂದಲೇ ಫಿಲಂ ಹೊಂದಿಸಿಕೊಳ್ಳುತ್ತದೆ. ಅಂಕಿಗಳು ಬೇಕಾಗಿರುವುದು ಕೆಂಪು ಕಿಂಡಿಯ ಡಬ್ಬಿಗಳಿಗೆ.