ಕಣ್ಣಾರೆ ಕಂಡ ಸಾಕ್ಷಿ ಇಲ್ಲದಿದ್ದರೆ ಸುಲಿಗೆ ಕೇಸಿನ ಶಿಕ್ಷೆ ಮೇಲ್ಮನವಿಯಲ್ಲಿ ರದ್ದಾಗುತ್ತದೆಯೇ?

"ನೋಡಿದ ಸಾಕ್ಷಿ ಇಲ್ಲದಿದ್ದರೆ ಮೇಲಿನ ಕೋರ್ಟಿನಲ್ಲಿ ಬಿಡುಗಡೆ ಖಚಿತ" ಎಂಬ ಮಾತನ್ನು ನೀವೂ ಕೇಳಿರಬಹುದು. "ಒಮ್ಮೆ ಶಿಕ್ಷೆಯಾದರೆ ಅಪೀಲು ಹಾಕಿ ಏನೂ ಆಗದು" ಎನ್ನುವವರೂ ಇದ್ದಾರೆ. ಎರಡೂ ತಪ್ಪು. ಇದನ್ನು ನಂಬಿ ಕುಳಿತರೆ ಅಪೀಲಿನ ಗಡುವೇ ಮುಗಿದುಹೋಗಬಹುದು.

ಸುಲಿಗೆ ಎಂದರೇನು?
ಕಳ್ಳತನದ ಜೊತೆ ಹೊಡೆತ, ಗಾಯ ಅಥವಾ ಆ ಕ್ಷಣದ ಜೀವಭಯ ಸೇರಿದರೆ ಸುಲಿಗೆ. ಹಿಂದೆ ಐಪಿಸಿ 392ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 309ನೇ ಕಲಂ ಬಂದಿದೆ. ಶಿಕ್ಷೆ 10 ವರ್ಷದವರೆಗೆ. ರಾತ್ರಿ ಹೆದ್ದಾರಿಯಲ್ಲಿ ನಡೆದಿದ್ದರೆ 14 ವರ್ಷದವರೆಗೆ.

ಮೇಲ್ಮನವಿಯಲ್ಲಿ ಏನು ನೋಡುತ್ತಾರೆ?
ರಾಮದುರ್ಗ ರಸ್ತೆಯಲ್ಲಿ ರಾತ್ರಿ ಬೈಕ್ ಅಡ್ಡಗಟ್ಟಿ ಹಣ ಕಿತ್ತುಕೊಂಡರು ಎಂದುಕೊಳ್ಳಿ. ಮೇಲ್ಮನವಿ ನ್ಯಾಯಾಲಯ ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡುತ್ತದೆ.

• ಗುರುತು: ಕತ್ತಲಲ್ಲಿ ಕಂಡ ಅಪರಿಚಿತನನ್ನು ಗುರುತಿಸಿದ್ದು ಹೇಗೆ? ಗುರುತು ಪತ್ತೆ ಪರೇಡ್ ಬರೀ ಬೆಂಬಲ. ಕೋರ್ಟಿನಲ್ಲಿ ಗುರುತಿಸುವುದೇ ಮುಖ್ಯ ಸಾಕ್ಷ್ಯ.
• ತಪ್ಪೊಪ್ಪಿಗೆ: ಪೊಲೀಸರ ಮುಂದೆ ಒಪ್ಪಿಕೊಂಡದ್ದು ಸಾಕ್ಷ್ಯವಲ್ಲ. ಆ ಹೇಳಿಕೆಯಿಂದ ವಸ್ತು ಸಿಕ್ಕಿದ್ದರೆ, ಅದಕ್ಕೆ ನೇರ ಸಂಬಂಧಿಸಿದ ಭಾಗ ಮಾತ್ರ ನಿಲ್ಲುತ್ತದೆ.
• ಪಂಚರು: ಅವರು ತಿರುಗಿಬಿದ್ದ ಮಾತ್ರಕ್ಕೆ ಜಪ್ತಿ ಸುಳ್ಳಾಗುವುದಿಲ್ಲ. ತನಿಖಾಧಿಕಾರಿಯ ಸಾಕ್ಷ್ಯ ನಂಬುವಂತಿದ್ದರೆ ಸಾಕು.
• ಬಲಪ್ರಯೋಗ: ಕಳ್ಳತನ ಸಾಬೀತಾಗಿ ಹಲ್ಲೆ, ಬೆದರಿಕೆ ಸಾಬೀತಾಗದಿದ್ದರೆ, ಕಳ್ಳತನಕ್ಕಷ್ಟೇ ಶಿಕ್ಷೆ ಉಳಿಯಬಹುದು.

ಇಷ್ಟೇ ಸಾಕ್ಷಿಗಳು ಬೇಕೆಂಬ ಲೆಕ್ಕ ಕಾನೂನಿನಲ್ಲಿಲ್ಲ. ನಂಬಲರ್ಹವಾದ ಒಂದೇ ಸಾಕ್ಷಿಯೂ ಸಾಕು. 1983ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಕರ್ನಾಟಕದ ಒಂದು ಕೊಲೆ, ಸುಲಿಗೆ ಪ್ರಕರಣ ಬಂದಿತ್ತು. ಕೊಂದದ್ದನ್ನು ಕಂಡವರಿರಲಿಲ್ಲ. ತಲೆಮರೆಸಿಕೊಂಡಿದ್ದ ಮನೆಗೆಲಸದವನು ಸುಮಾರು ಒಂದು ವರ್ಷದ ನಂತರ ತೋರಿಸಿಕೊಟ್ಟ ಆಭರಣಗಳೇ ಮುಖ್ಯ ಸಾಕ್ಷ್ಯವಾದವು. ನ್ಯಾಯಾಲಯ ಅಪರಾಧ ನಿರ್ಣಯವನ್ನು ಎತ್ತಿಹಿಡಿಯಿತು. ಮರಣದಂಡನೆಯನ್ನು ಮಾತ್ರ ಜೀವಾವಧಿಗೆ ಇಳಿಸಿತು. ಆದರೆ ಸಾಕ್ಷ್ಯದ ಕೊಂಡಿ ಕಳಚಿ ನ್ಯಾಯಯುತ ಸಂಶಯ ಉಳಿದರೆ, ಅದರ ಲಾಭ ಆರೋಪಿಗೇ ಸಿಗಬೇಕು.

ಎಲ್ಲಿ, ಎಷ್ಟು ದಿನದೊಳಗೆ?
ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಪ್ರಕರಣಗಳಲ್ಲಿ ಜೆಎಂಎಫ್‌ಸಿ ನ್ಯಾಯಾಲಯ ಶಿಕ್ಷೆ ಕೊಟ್ಟಿದ್ದರೆ 30 ದಿನದೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಬೇಕು. ಸೆಷನ್ಸ್ ನ್ಯಾಯಾಲಯವೇ ಕೊಟ್ಟಿದ್ದರೆ 60 ದಿನದೊಳಗೆ ಹೈಕೋರ್ಟಿನ ಧಾರವಾಡ ಪೀಠಕ್ಕೆ. ತಡವಾದರೆ ಸರಿಯಾದ ಕಾರಣ ಕೊಟ್ಟು ಮನ್ನಾ ಕೇಳಬೇಕು.

ಅಪೀಲು ಹಾಕಿದ ತಕ್ಷಣ ಜೈಲಿನಿಂದ ಬಿಡುವುದಿಲ್ಲ. ಶಿಕ್ಷೆ ಅಮಾನತು ಮತ್ತು ಜಾಮೀನಿಗೆ ಬೇರೆ ಅರ್ಜಿ ಬೇಕು. ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿ ಉಚಿತ. ಒಳಗಿರುವವರು ಜೈಲು ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಫಾರ್ವರ್ಡ್ ಆಗುವ ಆ ಮಾತು ಸುಳ್ಳು. ಸಾಕ್ಷಿಗಳ ಸಂಖ್ಯೆ ಎಣಿಸುವುದನ್ನು ಬಿಟ್ಟು ತೀರ್ಪಿನ ಪ್ರತಿ ಪಡೆಯಿರಿ, ದಿನ ಎಣಿಸಿ.