ಯಾದವಗಿರಿಯ ಯಂತ್ರವೂ ಮನೆಯಂಗಳದ ಪ್ಯಾಕಿಂಗೂ

ಒಂಟಿಕೊಪ್ಪಲಿನಲ್ಲಾಗಲಿ ಸರಸ್ವತಿಪುರದಲ್ಲಾಗಲಿ, ಭಾನುವಾರದ ಬೆಳಗ್ಗೆ ಅಂಗಳದಲ್ಲಿ ಹಳೆಯ ಗೋಣಿಯನ್ನು ಹಾಸಿ, ಕಳಚಿದ ಬೋಲ್ಟುಗಳನ್ನು ಕಳಚಿದ ಕ್ರಮದಲ್ಲಿಯೇ ಅದರ ಮೇಲೆ ಸಾಲಾಗಿಟ್ಟುಕೊಂಡು, ತನ್ನ ಜಾವಾ ಬೈಕಿನ ಎಂಜಿನ್ನಿಗೆ ತಾನೇ ಪ್ಯಾಕಿಂಗ್ ಬದಲಿಸಲು ಕುಳಿತ ಗೃಹಸ್ಥನನ್ನು ಒಂದು ಕಾಲದ ಮೈಸೂರಿನಲ್ಲಿ ಯಾರೂ ನಿಂತು ನೋಡುತ್ತಿರಲಿಲ್ಲ. ಅದು ತೆಂಗಿನಕಾಯಿ ಸುಲಿಯುವಷ್ಟೇ ಸಹಜವಾದ ಮನೆಗೆಲಸವಾಗಿತ್ತು. ಗ್ಯಾಸ್ಕೆಟ್ ಎಂಬುದು ಪುಸ್ತಕದ ಮಾತು. ಹೆಡ್ ಪ್ಯಾಕಿಂಗ್, ಬ್ಲಾಕ್ ಪ್ಯಾಕಿಂಗ್, ಕ್ಲಚ್ ಕವರಿನ ಪ್ಯಾಕಿಂಗ್ ಎಂಬುದೇ ನಮ್ಮಲ್ಲಿಯ ರೂಢಿ.

ಈ ಮನೆಗೆಲಸದ ಮೂಲವನ್ನು ಅರಸುವವರು ಯಾದವಗಿರಿಗೆ ಬರಬೇಕು. ಝೆಕೊಸ್ಲೊವಾಕಿಯದ ಯಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ಲಿನ ಹಕ್ಕನ್ನು ಪಡೆದು, ಎರಡು ಹೆಸರುಗಳ ಆದ್ಯಕ್ಷರಗಳನ್ನು ಕೂಡಿಸಿ ಜಾವಾ ಎಂದು ಹೆಸರಿಟ್ಟ ಆ ವಾಹನವು, ಇರಾನಿ ಕುಟುಂಬದವರ ಉದ್ಯಮದಿಂದ ಮೈಸೂರಿಗೆ ಬಂದು, ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಹಸ್ತದಿಂದ 1961ರಲ್ಲಿ ಪ್ರಾರಂಭೋತ್ಸವವನ್ನು ಕಂಡ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಎಪ್ಪತ್ತರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂದು ಹೆಸರಾಯಿತು. ಹೆಸರು ಬದಲಾದರೂ ಹಳಬರ ಬಾಯಲ್ಲಿ ಅದು ಜಾವಾ ಆಗಿಯೇ ಉಳಿಯಿತು.

ಗೃಹಸ್ಥನು ಅಂತಹ ಯಂತ್ರವನ್ನು ಬಿಚ್ಚಲು ಧೈರ್ಯಮಾಡಿದ್ದಕ್ಕೆ ಅದರ ರಚನೆಯೇ ಕಾರಣ. 65 ಮಿಲಿಮೀಟರ್ ವ್ಯಾಸದ ಒಂದೇ ಸಿಲಿಂಡರು, 75 ಮಿಲಿಮೀಟರ್ ಚಲಿಸುವ ಒಂದು ಪಿಸ್ಟನ್ನು; ಎರಡು ಸ್ಟ್ರೋಕಿನ ಎಂಜಿನ್ನಾದುದರಿಂದ ವಾಲ್ವುಗಳ ಗೋಜೇ ಇಲ್ಲ. ಆದರೆ ಸರಳವೆಂದು ಉದಾಸೀನಮಾಡುವಂತೆಯೂ ಇರಲಿಲ್ಲ. ಇಂತಹ ಎಂಜಿನ್ನಿನಲ್ಲಿ ಪೆಟ್ರೋಲು ಬೆರೆತ ಗಾಳಿಯು ಮೊದಲು ಕೆಳಗಿನ ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೊಳಗಾಗಿ, ಅನಂತರ ಮೇಲಕ್ಕೇರಬೇಕು. ಬ್ಲಾಕಿನ ಅಡಿಯ ಪ್ಯಾಕಿಂಗಾದ ತೆಳುಕಾಗದವು ಎಲ್ಲಿಯಾದರೂ ಹರಿದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣವು ತೆಳುವಾಗುತ್ತದೆ, ಎಂಜಿನ್ನು ಮಿತಿಮೀರಿ ಕಾಯುತ್ತದೆ, ಕಡೆಗೆ ಪಿಸ್ಟನ್ನು ಹಿಡಿದುಕೊಂಡು ನಡುರಸ್ತೆಯಲ್ಲಿ ಚಕ್ರವೇ ನಿಲ್ಲುತ್ತದೆ. ನಿಂತಲ್ಲಿ ಎಂಜಿನ್ನು ತಾನಾಗಿ ವೇಗವೇರಿ ಇಳಿಯದಿದ್ದರೆ ಬ್ಲಾಕ್ ಪ್ಯಾಕಿಂಗ್ ಹೋಗಿರಬಹುದೆಂದು ಬಲ್ಲವರು ಶಂಕಿಸುತ್ತಿದ್ದುದು ಇದರಿಂದಲೇ.

ನಮ್ಮ ತಂದೆಗೆ ಈ ವಿದ್ಯೆಯನ್ನು ಕಲಿಸಿದವರು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನೆರೆಮನೆಯವರು. ಎಡಬದಿಯ ಕ್ಲಚ್ ಕವರನ್ನು ಬಿಚ್ಚಿ, ಅಂಟಿಕೊಂಡ ಹಳೆಯ ಕಾಗದವನ್ನು ಪೆಟ್ರೋಲಿನಲ್ಲಿ ನೆನೆಸಿ, ಉಳಿಯನ್ನು ದೂರವಿಟ್ಟು ಬಿದಿರಿನ ಚಕ್ಕೆಯಿಂದಲೇ ಕೆರೆಯಬೇಕೆಂಬುದು ಅವರ ಮೊದಲ ಪಾಠ. ಅಲ್ಯೂಮಿನಿಯಮ್ಮು ಮೃದು, ಒಂದು ಗೀರು ಬಿದ್ದರೆ ಆಯಿಲ್ಲು ಆ ದಾರಿಯನ್ನೇ ಹಿಡಿಯುತ್ತದೆ. ಬಳಿಕ ಪ್ಯಾಕಿಂಗ್ ಹಾಳೆಯನ್ನು ಕವರಿನ ಅಂಚಿನ ಮೇಲೆ ಕದಲದಂತೆ ಹಿಡಿದು, ಸುತ್ತಿಗೆಯ ಗುಂಡುತಲೆಯಿಂದ ಅಂಚಿನ ಗುಂಟ ಮೆಲ್ಲಮೆಲ್ಲನೆ ಬಡಿಯುತ್ತ ಹೋದಂತೆ, ಲೋಹದ ಅಂಚೇ ಕತ್ತರಿಯಾಗಿ, ಕಾಗದವು ಕವರಿನ ಆಕಾರವನ್ನು ತಾಳಿ ಕೈಗೆ ಬರುತ್ತಿತ್ತು. ಬೋಲ್ಟಿನ ರಂಧ್ರಗಳೂ ಅದೇ ಗುಂಡುತಲೆಯ ಪೆಟ್ಟಿನಿಂದ ಬಿಲ್ಲೆಬಿಲ್ಲೆಯಾಗಿ ಉದುರುತ್ತಿದ್ದವು. ಆ ಬಿಲ್ಲೆಗಳನ್ನು ಆರಿಸಿ ಎಣಿಸುವುದು ನನ್ನ ಪಾಲಿನ ಕೆಲಸ. ಒಂದು ಕಡಮೆಯಾದರೂ ಅದು ಎಂಜಿನ್ನಿನೊಳಗೆ ಬಿದ್ದಿರಬಹುದೆಂದು ತಂದೆ ಕೆಲಸವನ್ನು ನಿಲ್ಲಿಸಿಬಿಡುತ್ತಿದ್ದರು. ಹೆಡ್ಡಿಗೆ ತಾಮ್ರದ ಪ್ಯಾಕಿಂಗಾದರೆ ಅದನ್ನು ಕೆಂಡದ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಬೇಕು: ಉಕ್ಕು ಹಾಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರವಾದರೋ ಕಾದು ಮೆತ್ತಗಾಗಿ ಮರಳಿ ಬಳಕೆಗೆ ಒದಗುತ್ತದೆ. ಬೋಲ್ಟುಗಳನ್ನು ಒಮ್ಮೆಗೇ ಬಿಗಿಮಾಡದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬರಬೇಕೆಂಬುದು ಕಡೆಯ ಪಾಠ.

ಇದು ಬರಿಯ ಮಿತವ್ಯಯದ ಮಾತಾಗಿರಲಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಆಯುಧಪೂಜೆಯ ದಿನ ಅರಮನೆಯಲ್ಲಿ ಖಡ್ಗಕ್ಕೆ ಸಲ್ಲುವ ಅರ್ಚನೆಯು ನಮ್ಮ ಮನೆಯಲ್ಲಿ ಸ್ಪ್ಯಾನರು, ಸುತ್ತಿಗೆಗಳಿಗೆ ಸಲ್ಲುತ್ತಿತ್ತು. ಅದಕ್ಕೆ ಮುಂಚಿನ ವಾರವೇ ಆಯಿಲ್ಲು ಜಿನುಗುವ ಪ್ಯಾಕಿಂಗುಗಳನ್ನೆಲ್ಲ ಬದಲಿಸಿ, ಯಂತ್ರವು ಚೊಕ್ಕಟವಾದ ಮೇಲೆಯೇ ಅದಕ್ಕೆ ಚೆಂಡುಹೂವಿನ ಮಾಲೆ.

ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಅಲ್ಲಿ ದುಡಿದವರಿಗೆ ಅದು ಅನ್ನದ ಪ್ರಶ್ನೆಯಾಯಿತು. ಅದರ ಮುಂದೆ ಬೈಕುಗಳ ಗತಿಯ ಚಿಂತೆ ಅಲ್ಪವೇ ಸರಿ. ಆದರೂ ಬಿಡಿಭಾಗಗಳ ಮೂಲವೇ ಬತ್ತಿದ ಆ ವರ್ಷಗಳಲ್ಲಿ ಹಳೆಯ ಜಾವಾ, ಯೆಜ್ಡಿಗಳು ಗುಜರಿಗೆ ಬೀಳದೆ ಓಡಿದ್ದರಲ್ಲಿ, ಅಂಗಳದಲ್ಲಿ ಕುಳಿತು ಕಾಗದ ಬಡಿದ ಇಂತಹ ಕೈಗಳ ಪಾಲು ದೊಡ್ಡದು. 2018ರಲ್ಲಿ ಜಾವಾ ಎಂಬ ಹೆಸರು ಪುನಃ ಮಾರುಕಟ್ಟೆಗೆ ಬಂದಿತಾದರೂ ಅದು ಬೇರೆಯೇ ಎಂಜಿನ್ನು, ನಾಲ್ಕು ಸ್ಟ್ರೋಕಿನದು.

ಕಾರ್ಖಾನೆಯ ಹಳಬರ ಮನೆಗಳಲ್ಲಿ, ಗೋಡೆಯ ಮೊಳೆಗೆ ನೇತುಹಾಕಿದ ಹಳೆಯ ಪ್ಯಾಕಿಂಗುಗಳ ಅಚ್ಚುಗಳು ಇನ್ನೂ ಇರಬಹುದು. ಇದ್ದರೆ ದಯವಿಟ್ಟು ರದ್ದಿಗೆ ಹಾಕದಿರಿ. ಯಾವ ಮಾದರಿಯ ಯಾವ ಭಾಗದ್ದೆಂದು ಪೆನ್ಸಿಲಿನಲ್ಲಿ ಬರೆದು, ಹಳೆಯ ಗಾಡಿಯಿಟ್ಟುಕೊಂಡ ನೆರೆಯ ಹುಡುಗನ ಕೈಗೆ ಕೊಡಿ, ಸಾಧ್ಯವಾದರೆ ಒಂದು ಭಾನುವಾರ ಅವನ ಜತೆಯಲ್ಲಿ ಕುಳಿತುಕೊಳ್ಳಿ.